ಆಪ್ಷನ್ಸ್ ಕಲಿಯಲು ಯಾವುದು ವಾಸಿ: ವೀಕೆಂಡ್ ಕ್ಲಾಸೋ, ಯೂಟ್ಯೂಬೋ, ಎನ್‌ಐಎಸ್‌ಎಂ ಪುಸ್ತಕವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎನ್‌ಐಎಸ್‌ಎಂನ ಈಕ್ವಿಟಿ ಡಿರೈವೇಟಿವ್ಸ್ ಪುಸ್ತಕಕ್ಕೆ, ಜೊತೆಗೊಂದು ರೂಲ್ಡ್ ನೋಟ್‌ಬುಕ್ಕಿಗೆ. ಎನ್‌ಐಎಸ್‌ಎಂ ಎಂದರೆ ಷೇರುಪೇಟೆಯ ನಿಯಂತ್ರಕ ಸೆಬಿ ಕಟ್ಟಿದ ತರಬೇತಿ ಸಂಸ್ಥೆ, ಪುಸ್ತಕ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಪಿಡಿಎಫ್. ದಾವಣಗೆರೆಯಲ್ಲಿ ಶನಿವಾರ, ಭಾನುವಾರ ನಡೆಯುವ ಕ್ಲಾಸುಗಳಿಗೆ ಐದಂಕಿಯ ಫೀಸು. ಯೂಟ್ಯೂಬಿಗೆ ಡೇಟಾ ಪ್ಯಾಕ್ ಸಾಕು. ಡಿಮ್ಯಾಟ್ ಎಂದರೇನು, ಸೆನ್ಸೆಕ್ಸ್ ಎಂದರೇನು ಎನ್ನುವುದನ್ನು ಮೂರೂ ಕಡೆ ಒಂದೇ ಥರ ಹೇಳಿಕೊಡುತ್ತಾರೆ, ಹಾಗಾಗಿ ಅದನ್ನು ಬಿಟ್ಟು ವ್ಯತ್ಯಾಸ ಇರುವಲ್ಲಿಗೆ ಬರೋಣ.

ಕ್ಲಾಸಿನ ದೊಡ್ಡ ಅನುಕೂಲ ಎಂದರೆ ಅರ್ಥವಾಗದಿದ್ದರೆ ಅಲ್ಲೇ ಕೈ ಎತ್ತಿ ಕನ್ನಡದಲ್ಲಿ ಕೇಳಬಹುದು. ಕಾಲ್ ಆಪ್ಷನ್ (ಇಂತಿಷ್ಟು ಬೆಲೆಗೆ ಕೊಳ್ಳುವ, ಗಡುವು ಇರುವ ಹಕ್ಕು) ವಿವರಿಸಲು ಅಲ್ಲಿ ಬಳಸುವ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದೇ: ಶಾಮನೂರು ರಸ್ತೆಯಲ್ಲಿ 40 ಲಕ್ಷದ ಸೈಟಿಗೆ 50 ಸಾವಿರ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಗಡುವು ಹಾಕಿಕೊಂಡ ಹಾಗೆ, ರೇಟು ಏರಿದರೆ ಕೊಳ್ಳಿ, ಇಳಿದರೆ ಅಡ್ವಾನ್ಸ್ ಬಿಡಿ. ಕೇಳಲು ಚೆನ್ನ, ಆದರೆ ಅರ್ಧ ಮಾತ್ರ ಸರಿ. ಸೈಟಿನ ಅಡ್ವಾನ್ಸ್ ಕೊನೆಗೆ ಒಟ್ಟು ಬೆಲೆಯಲ್ಲಿ ಮುರಿದುಕೊಳ್ಳುತ್ತದೆ. ಆಪ್ಷನ್ನಿಗೆ ಕೊಡುವ ಬೆಲೆ, ಅಂದರೆ ಪ್ರೀಮಿಯಂ ಹಾಗಲ್ಲ, ಕೊಟ್ಟ ದಿನವೇ ಮಾರಿದವನ ಪಾಲಾಯಿತು. ಅಡ್ವಾನ್ಸ್ ದಿನದಿನಕ್ಕೆ ಸವೆಯುವುದಿಲ್ಲ. ಪ್ರೀಮಿಯಂ ಮಾತ್ರ ನಿಫ್ಟಿ (ಎನ್‌ಎಸ್‌ಇ ಷೇರು ವಿನಿಮಯ ಕೇಂದ್ರದ ಸೂಚ್ಯಂಕ) ಅಲುಗಾಡದಿದ್ದರೂ ಸವೆಯುತ್ತದೆ, ಗಡುವು ಹತ್ತಿರವಾದಷ್ಟೂ ಜೋರಾಗಿ.

ಲೆಕ್ಕ ಹಾಕಿ ನೋಡಿ. ನಿಫ್ಟಿ 25,000ದಲ್ಲಿದ್ದಾಗ 25,000 ಸ್ಟ್ರೈಕಿನ (ಹಕ್ಕಿನಲ್ಲಿ ಗೊತ್ತುಮಾಡಿದ ಬೆಲೆ) ಕಾಲ್ ಅನ್ನು 150 ರೂ.ಗೆ ಕೊಂಡರೆ, 65ರ ಲಾಟಿಗೆ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ) 9,750 ರೂ. ಎಕ್ಸ್‌ಪೈರಿ, ಅಂದರೆ ಗಡುವಿನ ದಿನ ನಿಫ್ಟಿ 25,100ಕ್ಕೆ ನಿಂತಿತು ಎನ್ನಿ. ಏರುತ್ತದೆ ಎಂದದ್ದು ನಿಜವಾಯಿತು, ಆದರೂ ಕೈಗೆ ಬರುವುದು 6,500. ನಷ್ಟ 3,250, ಬ್ರೋಕರೇಜು, ತೆರಿಗೆ ಬೇರೆ. 25,150 ದಾಟಿದ ಮೇಲಷ್ಟೇ ಲಾಭದ ಮಾತು. ಈ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸದ ಕ್ಲಾಸು ಕಲಿಸುತ್ತಿರುವುದು ಆಪ್ಷನ್ಸ್ ಅಲ್ಲ.

ಇನ್ನೊಂದು, ಕೊನೆಯ ದಿನ ಬರುವ ‘ನಮ್ಮ ಲಿಂಕಿನಿಂದಲೇ ಅಕೌಂಟ್ ತೆರೆಯಿರಿ’ ಎಂಬ ಸಲಹೆ. ಆ ಲಿಂಕಿನಡಿ ತೆರೆದ ಖಾತೆಯ ಬ್ರೋಕರೇಜಿನಲ್ಲಿ ಅವರಿಗೆ ಪಾಲು ಸಿಗುವ ಏರ್ಪಾಡು ಸಾಮಾನ್ಯ. ನೀವು ಹೆಚ್ಚು ಸಲ ಕೊಂಡು ಮಾರಿದಷ್ಟೂ ಅವರಿಗೆ ಲಾಭ, ನೀವು ಗೆದ್ದಿರೋ ಸೋತಿರೋ ಅದು ಬೇರೆ ಮಾತು. ಗೋಡೆಗೆ ಅಂಟಿಸಿದ ಲಾಭದ ಸ್ಕ್ರೀನ್‌ಶಾಟ್ ನೋಡುವಾಗ ಸೆಬಿಯ ಅಧ್ಯಯನವೂ ನೆನಪಿರಲಿ: 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ವೈಯಕ್ತಿಕ ಟ್ರೇಡರುಗಳಲ್ಲಿ 93% ಜನ ಕಳೆದುಕೊಂಡವರು.

ಟೆಲಿಗ್ರಾಂ ಟಿಪ್ಸ್ ಗುಂಪುಗಳನ್ನು ಈ ಹೋಲಿಕೆಗೇ ಸೇರಿಸಿಲ್ಲ.

ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಚೊಕ್ಕವಾಗಿ ಹೇಳುವವರಿದ್ದಾರೆ, ಕ್ಯಾಂಡಲ್ (ಬೆಲೆಯ ಏರಿಳಿತದ ಚಾರ್ಟು) ಓದುವುದು, ಆರ್ಡರ್ ಹಾಕುವುದು ಅಲ್ಲೇ ಬೇಗ ಹತ್ತುತ್ತದೆ. ತಲೆನೋವು ಒಂದೇ, ಆದರೆ ದೊಡ್ಡದು: ಹಳೆಯ ವಿಡಿಯೋ ಹೊಸದರಂತೆಯೇ ಕಾಣುತ್ತದೆ. ನಿಫ್ಟಿ ಲಾಟ್ 2021ರ ಸುಮಾರಿಗೆ 50 ಆಯಿತು. 2024ರ ಏಪ್ರಿಲ್‌ನಲ್ಲಿ 25ಕ್ಕೆ ಇಳಿದು, ಅದೇ ವರ್ಷದ ಕೊನೆಗೆ ಹೊಸ ಕಾಂಟ್ರಾಕ್ಟುಗಳಲ್ಲಿ 75ಕ್ಕೆ ಏರಿತು. 2026ರ ಜನವರಿಯಿಂದ 65. ವಾರದ ಎಕ್ಸ್‌ಪೈರಿ ಗುರುವಾರ ಇದ್ದದ್ದು 2025ರ ಸೆಪ್ಟೆಂಬರಿನಿಂದ ಮಂಗಳವಾರಕ್ಕೆ ಬಂತು. ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ 2024ರ ನವೆಂಬರಿಗೇ ನಿಂತುಹೋಯಿತು, ಅದರ ‘ಸ್ಟ್ರಾಟಜಿ’ ವಿಡಿಯೋಗಳು ಇನ್ನೂ ಓಡುತ್ತಿವೆ. ಆಪ್ಷನ್ ಮಾರುವಾಗಿನ ಎಸ್‌ಟಿಟಿ (ಷೇರುಪೇಟೆ ವ್ಯವಹಾರದ ಮೇಲಿನ ತೆರಿಗೆ) 2024ರ ಅಕ್ಟೋಬರಿನಲ್ಲಿ ಪ್ರೀಮಿಯಂನ 0.0625%ರಿಂದ 0.1%ಕ್ಕೆ ಏರಿತು. ಇದನ್ನಂತೂ ಪ್ರತಿ ಬಜೆಟ್ ಆದ ಮೇಲೆ ಹೊಸದಾಗಿ ನೋಡಿಕೊಳ್ಳಬೇಕು.

ಇಷ್ಟಕ್ಕೆ ಏನಾಗುತ್ತದೆ ಎನ್ನಬೇಡಿ. 25ರ ಲಾಟಿನ ವಿಡಿಯೋ ನೋಡಿ 5,000 ರೂ. ಇಟ್ಟುಕೊಂಡು ಬಂದವನಿಗೆ 150ರ ಪ್ರೀಮಿಯಂ 3,750ಕ್ಕೆ ಸಿಗಬೇಕಿತ್ತು. ಆ್ಯಪ್ 9,750 ಕೇಳುತ್ತದೆ. ಆಗ ವಾಪಸ್ ಬರುವವರು ಕಡಿಮೆ. ಇರುವ ದುಡ್ಡಿಗೆ ಹೊಂದುವ ಸ್ಟ್ರೈಕ್ ಹುಡುಕುತ್ತಾ ನಿಫ್ಟಿಯಿಂದ ನಾನೂರು, ಐನೂರು ಪಾಯಿಂಟ್ ದೂರದ, ಏಳೆಂಟು ರೂಪಾಯಿಯ ಕಾಲ್ ಕೊಳ್ಳುತ್ತಾರೆ. ಅಂಥವು ಮಂಗಳವಾರ ಮಧ್ಯಾಹ್ನ 3.30ಕ್ಕೆ ಬಹುತೇಕ ಸೊನ್ನೆಗೆ ಬರುತ್ತವೆ. ವಿಡಿಯೋ ಕೆಳಗಿನ ಅಪ್‌ಲೋಡ್ ತಾರೀಖು ನೋಡಿ, ಲಾಟ್ ಮತ್ತು ವಾರವನ್ನು ಎನ್‌ಎಸ್‌ಇ ಸೈಟಿನಲ್ಲಿ ತಾಳೆ ಹಾಕಿದ ಮೇಲೆ ಮುಂದುವರಿಯಿರಿ.

ಎನ್‌ಐಎಸ್‌ಎಂ ಪುಸ್ತಕದ ಇಂಗ್ಲಿಷು ಒಣ, ಚಿತ್ರ ಕಡಿಮೆ. ಆದರೆ ಯಾರೂ ಹೇಳದ್ದನ್ನು ಅದು ಹೇಳುತ್ತದೆ: ಮಾರ್ಜಿನ್ (ಬ್ರೋಕರ್ ಬಳಿ ಇಡಬೇಕಾದ ಭದ್ರತೆಯ ಹಣ) ಹೇಗೆ ಕಟ್ಟುತ್ತಾರೆ, ಸೆಟ್ಲ್‌ಮೆಂಟ್ (ಗಡುವಿಗೆ ಲೆಕ್ಕ ತೀರಿಸುವುದು) ಹೇಗೆ ನಡೆಯುತ್ತದೆ. ಕಂಪನಿ ಷೇರುಗಳ ಆಪ್ಷನ್ 2019ರ ಅಕ್ಟೋಬರಿನಿಂದ ಪೂರ್ತಿ ಫಿಸಿಕಲ್ ಸೆಟ್ಲ್‌ಮೆಂಟ್. ಷೇರಿನ ಬೆಲೆ ಸ್ಟ್ರೈಕ್ ದಾಟಿರುವ ಕಾಲ್ ಅನ್ನು ಎಕ್ಸ್‌ಪೈರಿಗೆ ಮುಂಚೆ ಮಾರದೆ ಬಿಟ್ಟರೆ ಇಡೀ ಲಾಟಿನ ಷೇರು ನಿಮ್ಮ ತಲೆಗೆ ಬರುತ್ತದೆ, ಹಲವು ಲಕ್ಷ ರೂಪಾಯಿ ಕಟ್ಟಬೇಕು. ಕೊನೆಯ ನಾಲ್ಕು ದಿನ ಮಾರ್ಜಿನ್ ಹಂತಹಂತವಾಗಿ ಏರುತ್ತದೆ. ಪುಸ್ತಕ ಕಬ್ಬಿಣದ ಕಡಲೆ ಎನಿಸಿದ ಕಡೆ ಬ್ರೋಕರ್ ಕಂಪನಿ ಜೆರೋಧಾದ ಪಾಠಗಳ ಸೈಟು ವಾರ್ಸಿಟಿ ತೆರೆಯಿರಿ, ಅದೂ ಪುಕ್ಕಟೆ. 5ನೇ ಮಾಡ್ಯೂಲ್ ಆಪ್ಷನ್ಸ್ ಥಿಯರಿ, ಆದರೆ 1 ಮತ್ತು 4 ಓದದೆ ಅಲ್ಲಿಗೆ ಹಾರಬೇಡಿ. ಎನ್‌ಐಎಸ್‌ಎಂ ಪರೀಕ್ಷೆ ಬರೆಯಲೇಬೇಕೆಂದಿಲ್ಲ.

ನೋಟ್‌ಬುಕ್ ಹೀಗೆ, ದುಡ್ಡು ಹಾಕದೆ ಕಾಗದದ ಮೇಲಷ್ಟೇ: ಬುಧವಾರ ಬೆಳಿಗ್ಗೆ 10ಕ್ಕೆ ಎನ್‌ಎಸ್‌ಇ ಸೈಟಿನ ಆಪ್ಷನ್ ಚೈನ್ (ಎಲ್ಲ ಸ್ಟ್ರೈಕುಗಳ ಬೆಲೆಪಟ್ಟಿ) ತೆರೆದು ನಿಫ್ಟಿ ಬೆಲೆ, ಅದಕ್ಕೆ ಹತ್ತಿರದ ಸ್ಟ್ರೈಕ್, ಐವಿ (ಪೇಟೆ ಅಂದಾಜಿಸುವ ಏರಿಳಿತದ ಮಟ್ಟ), ಬಿಡ್ (ಕೊಳ್ಳುವವರು ಕೊಡಲೊಪ್ಪುವ ಬೆಲೆ), ಆಸ್ಕ್ (ಮಾರುವವರು ಕೇಳುವ ಬೆಲೆ) ಬರೆಯಿರಿ. ‘ಕೊಂಡದ್ದು’ ಆಸ್ಕ್ ಬೆಲೆಗೆ, ‘ಮಾರಿದ್ದು’ ಬಿಡ್ ಬೆಲೆಗೆ. ನಡುವಿನ ಲಾಸ್ಟ್ ಪ್ರೈಸ್ ಬರೆದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ, ದೂರದ ಸ್ಟ್ರೈಕುಗಳಲ್ಲಿ ಆ ಅಂತರವೇ ಲಾಭವನ್ನು ನುಂಗುತ್ತದೆ. ದಿನಾ ಮಧ್ಯಾಹ್ನ 3ಕ್ಕೆ ಅದೇ ಸಾಲು ಮತ್ತೆ ತುಂಬಿ. ಪ್ರತಿ ವ್ಯವಹಾರಕ್ಕೆ ಹೋಗಿ ಬರುವ ಬ್ರೋಕರೇಜು 40 ರೂ., ಅದರ ಮೇಲೆ 18% ಜಿಎಸ್‌ಟಿ, ಜೊತೆಗೆ ಎಸ್‌ಟಿಟಿ ಕಳೆಯಿರಿ. ಕೆಲವು ಎಕ್ಸ್‌ಪೈರಿ ಕಳೆಯುವಷ್ಟರಲ್ಲಿ ಪ್ರೀಮಿಯಂ ಸವೆಯುವುದು ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಹಗಲೆಲ್ಲ ಮಂಡಿಪೇಟೆಯ ಅಂಗಡಿಯಲ್ಲೋ ಶಾಲೆಯಲ್ಲೋ ಇರುವವರಿಗೆ, ತಿಂಗಳಿಗೆ ಎರಡು ಮೂರು ಸಾವಿರ ಎತ್ತಿಡಬಲ್ಲವರಿಗೆ ನನ್ನ ಲೆಕ್ಕ ಸರಳ: ಪುಸ್ತಕ, ನೋಟ್‌ಬುಕ್, ದುಡ್ಡು ಮಾತ್ರ ಇಂಡೆಕ್ಸ್ ಫಂಡಿಗೆ (ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್). ಆಪ್ಷನ್ ಮಾರಲು ಒಂದು ಲಾಟಿಗೇ ಲಕ್ಷದ ಮೇಲೆ ಮಾರ್ಜಿನ್ ಬೇಕು, ಆ ಮಾತು ಸದ್ಯಕ್ಕೆ ಬೇಡ. ಓದು ಹತ್ತುವುದೇ ಇಲ್ಲ, ಎದುರಿಗೆ ಕೂತು ಹೇಳಿಕೊಡುವವರೇ ಬೇಕು ಎನ್ನುವವರಿಗೆ ಕ್ಲಾಸು ಸರಿ.

ಹೋಗುವುದಾದರೆ ಡೆಮೋ ದಿನವೇ ಇಷ್ಟು ಕೇಳಿ: ಇವತ್ತಿನ ನಿಫ್ಟಿ ಲಾಟ್ ಎಷ್ಟು? ಷೇರಿನ ಆಪ್ಷನ್ ಮಾರದೆ ಬಿಟ್ಟರೆ ಏನಾಗುತ್ತದೆ? ಲೈವ್ ಚಾರ್ಟ್ ಹಾಕಿ ‘ಇದನ್ನು ಕೊಳ್ಳಿ’ ಎನ್ನುತ್ತಿದ್ದರೆ, ಐಎನ್‌ಎಚ್ ಎಂದು ಶುರುವಾಗುವ ಸೆಬಿ ನೋಂದಣಿ ಸಂಖ್ಯೆ ಎಲ್ಲಿದೆ? ಬರೀ ಶಿಕ್ಷಣ ಎನ್ನುವವರು ಹಿಂದಿನ ಮೂರು ತಿಂಗಳ ಬೆಲೆ ಹಿಡಿದು ಷೇರಿನ ಮುಂದಿನ ಬೆಲೆ ಹೇಳುವಂತಿಲ್ಲ ಎಂದು ಸೆಬಿ 2025ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿದೆ. ಸಂಖ್ಯೆ ಕೊಟ್ಟರೆ ಸೆಬಿ ಸೈಟಿನಲ್ಲಿ ಹೆಸರಿನೊಂದಿಗೆ ತಾಳೆ ನೋಡಿ, ಫೀಸು ಆಮೇಲೆ ಕಟ್ಟಿದರಾಯಿತು.