ಸದ್ದಿನಿಂದ ವೈರಸ್ ಹಿಡಿಯುವ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಲ್ಯಾಬಿಗೆ ಈ ಅಕೌಸ್ಟಿಕ್ ಟ್ರ್ಯಾಪ್, ಅಂದರೆ ದ್ರವದಲ್ಲಿರುವ ಕಣಗಳನ್ನು ಸದ್ದಿನ ಅಲೆಯಿಂದ ಹಿಡಿದಿಡುವ ಯಂತ್ರ, ಬಂದು ಮೂರು ವರ್ಷ ಆಯಿತು. ವಾರಕ್ಕೆ ಮೂರ್ನಾಲ್ಕು ದಿನ ನಾನೇ ಓಡಿಸುತ್ತೇನೆ. ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಸದ್ದು ವೈರಸ್ಸನ್ನು ನೇರವಾಗಿ ಹಿಡಿಯುವುದಿಲ್ಲ. ಇದು ಗೊತ್ತಾಗದೆ ನನ್ನ ಮೊದಲ ಎರಡು ತಿಂಗಳು ಸುಮ್ನೆ ಹೋಯಿತು.

ಕಣದ ಅಡ್ಡಳತೆ ಹತ್ತು ಪಟ್ಟು ಕಮ್ಮಿಯಾದರೆ ಅದನ್ನು ತಳ್ಳುವ ಬಲ ಸಾವಿರ ಪಟ್ಟು ಕಮ್ಮಿಯಾಗುತ್ತದೆ. ಕೆಂಪು ರಕ್ತಕಣ 7–8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಕೊರೊನಾ ವೈರಸ್ ಸುಮಾರು 0.1 ಮೈಕ್ರಾನ್. ರಕ್ತಕಣ ಅಲೆಗೆ ಸಿಕ್ಕಿ ನಿಲ್ಲುತ್ತದೆ, ವೈರಸ್ ನೀರಿನ ಜೊತೆ ಹರಿದುಹೋಗುತ್ತದೆ.

ಅದಕ್ಕೇ ಮೊದಲು 10 ಮೈಕ್ರಾನಿನ ಪಾಲಿಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಮಣಿಗಳನ್ನು ಬಿಡಬೇಕು. ಕಿವಿಗೆ ಕೇಳದ 4 ಮೆಗಾಹರ್ಟ್ಸ್ ಸದ್ದು ಹಾಕಿದ ಕೂಡಲೇ ಅವು ಗಾಜಿನ ಕೊಳವೆಯ ನಡುವೆ ಗುಂಪುಗೂಡಿ, ದ್ರವ ಹರಿಯುತ್ತಿದ್ದರೂ ನಿಂತಲ್ಲೇ ನಿಲ್ಲುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೊಂಬೆಯೇ ಇಲ್ಲದೆ ಜೇನುಹಿಂಡು ತೂಗುತ್ತಿರುವ ಹಾಗೆ ಕಾಣುತ್ತದೆ. ಇವತ್ತಿಗೂ ಒಂದು ನಿಮಿಷ ಸುಮ್ಮನೆ ನೋಡುತ್ತಾ ಕೂರುತ್ತೇನೆ. ಆಮೇಲೆ ಸ್ಯಾಂಪಲ್. ಮಣಿಗಳಿಗೆ ಬಡಿದು ಚದುರುವ ಸದ್ದೇ ವೈರಸ್‌ಗಳನ್ನು ಅವುಗಳ ಸಂದಿಗೆ ಎಳೆದುಕೊಳ್ಳುತ್ತದೆ. ಬಫರ್‌ನಲ್ಲಿ (ತೊಳೆಯಲು ಬಳಸುವ ಉಪ್ಪಿನ ದ್ರಾವಣ) ತೊಳೆದು ಸದ್ದು ನಿಲ್ಲಿಸಿದರೆ ಹಿಂಡು ಬಿಚ್ಚಿಕೊಂಡು ಟ್ಯೂಬಿಗೆ ಇಳಿಯುತ್ತದೆ.

ಈ ಯಂತ್ರ ಬರುವ ಮುಂಚೆ ಸ್ಯಾಂಪಲ್ಲನ್ನು ಗಿರಗಿರನೆ ತಿರುಗಿಸುವ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ 1,00,000 ಜಿ ಬಲಕ್ಕೆ (ಭೂಮಿಯ ಸೆಳೆತದ ಲಕ್ಷ ಪಟ್ಟು) ಹಾಕಿ ಗಂಟೆಗಟ್ಟಲೆ ಕಾಯುತ್ತಿದ್ದೆವು. ತಳಕ್ಕೆ ಅಂಟಿದ ಪೆಲೆಟ್ (ಗಟ್ಟಿ ಗಷ್ಟು) ಬಿಡಿಸುವಾಗ ವೈರಸ್ಸಿನ ಹೊರಪದರ ಹಾಳಾಗುವ ಭಯ ಬೇರೆ. ಈಗ ಆ ಭಯವಿಲ್ಲ, ಚೂರೇ ಚೂರು ಸ್ಯಾಂಪಲ್ ಇದ್ದರೂ ಸಾಕು. ಆದರೆ ಲೀಟರ್‌ಗಟ್ಟಲೆ ದ್ರವ ಇದ್ದರೆ ಈ ಯಂತ್ರದ ತಂಟೆಗೆ ಹೋಗಬೇಡಿ, ಇದರ ಹರಿವು ತುಂಬಾ ನಿಧಾನ.

ನನ್ನ ಕಣ್ಣಲ್ಲಿ ನೀರು ತರಿಸಿದ್ದು ಬಿಸಿ. ನೀರಿನಲ್ಲಿ ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1,482 ಮೀಟರ್, 30 ಡಿಗ್ರಿಯಲ್ಲಿ 1,509. ಇಷ್ಟು ವ್ಯತ್ಯಾಸಕ್ಕೇ ರೆಸೊನೆನ್ಸ್, ಅಂದರೆ ಕೊಳವೆಯಲ್ಲಿ ಅಲೆ ಗಟ್ಟಿಯಾಗಿ ನಿಲ್ಲುವ ಫ್ರೀಕ್ವೆನ್ಸಿ, ಜರುಗುತ್ತದೆ. ಒಂದು ದಿನ ಬೆಳಿಗ್ಗೆ ಇಟ್ಟ ಫ್ರೀಕ್ವೆನ್ಸಿಯಲ್ಲೇ ಮಧ್ಯಾಹ್ನವೂ ಓಡಿಸಿದೆ. ಗಾಜಿನ ಕೊಳವೆ ಇರುವ ಚಿಪ್ ಬೆಚ್ಚಗಾಗಿತ್ತು. ಹಿಂಡು ಮೆಲ್ಲಗೆ ಜೋಲಿ, ಸ್ಯಾಂಪಲ್ ಸಮೇತ ವೇಸ್ಟ್ ಬಾಟಲಿಗೆ ಹೋಯಿತು. ಮತ್ತೆ ಸಿಗದ ಸ್ಯಾಂಪಲ್ ಅದು. ಮಾರಿದವರ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವತ್ತಿನಿಂದ ಪ್ರತಿ ರನ್‌ಗೂ ಮುಂಚೆ ಫ್ರೀಕ್ವೆನ್ಸಿ ಹೊಸದಾಗಿ ಹುಡುಕುತ್ತೇನೆ. ಬಫರ್‌ನಿಂದ ಗಾಳಿ ತೆಗೆಯುವುದನ್ನೂ ಬಿಡುವುದಿಲ್ಲ, ಒಂದೇ ಒಂದು ಗುಳ್ಳೆ ಬಂದರೂ ಅಲೆ ಕೆಡುತ್ತದೆ.

ಇನ್ನೊಂದು ವಿಷಯ. ಎಕ್ಸೋಸೋಮ್‌ಗಳೂ (ಜೀವಕೋಶಗಳು ಹೊರಬಿಡುವ ಪುಟ್ಟ ಚೀಲಗಳು) 30ರಿಂದ 150 ನ್ಯಾನೋಮೀಟರ್, ಅಂದರೆ 0.03ರಿಂದ 0.15 ಮೈಕ್ರಾನ್, ಇರುತ್ತವೆ, ಅಲ್ವಾ? ಅವೂ ಮಣಿಗಳ ಸಂದಿಗೆ ಸೇರಿಕೊಳ್ಳುತ್ತವೆ. ವೈರಸ್ಸಿನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಇದರಿಂದ ತೊಂದರೆ ಇಲ್ಲ. ಬರೀ ವೈರಸ್ಸೇ ಬೇಕೆಂದರೆ ಇನ್ನೊಂದು ಹಂತ ಜಾಸ್ತಿ ಇಟ್ಟುಕೊಳ್ಳಿ. ಈ ಸದ್ದಿಗೆ ವೈರಸ್ ಸಾಯುವುದೂ ಇಲ್ಲ. ಅದಕ್ಕೇ ನಮ್ಮ ಯಂತ್ರ ಮೊದಲ ದಿನದಿಂದಲೂ ಬಯೋಸೇಫ್ಟಿ ಕ್ಯಾಬಿನೆಟ್ (ವೈರಸ್ ಹೊರಗೆ ಹರಡದಂತೆ ತಡೆಯುವ ಪೆಟ್ಟಿಗೆ) ಒಳಗೇ ಇದೆ.