ಭಾರತೀಯ ವಿಜ್ಞಾನ ಸಂಸ್ಥೆ: ರ‍್ಯಾಂಕ್ ನೋಡಿದ ಮೇಲೆ ನೋಡಬೇಕಾದ್ದು

ಬೆಂಗಳೂರಿನ ಹಳಬರಿಗೆ ಇದು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಜಮ್‌ಶೆಟ್‌ಜಿ ಟಾಟಾ ಅವರ ದತ್ತಿ, ಮೈಸೂರು ಸಂಸ್ಥಾನ ಕೊಟ್ಟ ಜಮೀನು, ಎರಡೂ ಸೇರಿ 1909ರಲ್ಲಿ ಹುಟ್ಟಿದ ಸಂಸ್ಥೆ. 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಗಳ ರ‍್ಯಾಂಕಿಂಗ್) ಪಟ್ಟಿ ಶುರುವಾದ 2016ರಿಂದ 2024ರವರೆಗೆ ವಿಶ್ವವಿದ್ಯಾಲಯಗಳ ವಿಭಾಗದ ಮೊದಲ ಸ್ಥಾನವನ್ನು ಇದು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅದೇ ಸಂಸ್ಥೆ ಕ್ಯೂಎಸ್ ಎಂಬ ಬ್ರಿಟಿಷ್ ಸಂಸ್ಥೆಯ ಜಾಗತಿಕ ಪಟ್ಟಿಯ 2023ರ ಆವೃತ್ತಿಯಲ್ಲಿ 155ನೇ ಸ್ಥಾನದಲ್ಲಿದ್ದು, 2024ರದ್ದರಲ್ಲಿ 225ಕ್ಕೆ ಇಳಿಯಿತು. ಗಾಬರಿ ಬೇಡ. ಆ ವರ್ಷ ಲೆಕ್ಕ ಹಾಕುವ ರೀತಿಯೇ ಬದಲಾಗಿತ್ತು: ಅಧ್ಯಾಪಕ–ವಿದ್ಯಾರ್ಥಿ ಅನುಪಾತಕ್ಕಿದ್ದ ತೂಕ ಶೇ 20ರಿಂದ 10ಕ್ಕೆ ಇಳಿದು, ಉದ್ಯೋಗ, ಸುಸ್ಥಿರತೆ, ಅಂತರರಾಷ್ಟ್ರೀಯ ಸಂಶೋಧನಾ ಜಾಲಗಳಿಗೆ ತಲಾ ಶೇ 5 ಸೇರಿತು. 2022ರ ಆವೃತ್ತಿಯಲ್ಲಿ ಇದೇ ಸಂಸ್ಥೆಗೆ ‘ಪ್ರತಿ ಅಧ್ಯಾಪಕರಿಗೆ ಸೈಟೇಶನ್’ ಎಂಬ ಅಂಶದಲ್ಲಿ 100ಕ್ಕೆ 100 ಬಂದಿತ್ತು. ಅಂದರೆ ಇಲ್ಲಿನ ಅಧ್ಯಾಪಕರ ಪ್ರಬಂಧಗಳನ್ನು ಜಗತ್ತಿನ ಉಳಿದ ಸಂಶೋಧಕರು ಧಾರಾಳವಾಗಿ ಉಲ್ಲೇಖಿಸುತ್ತಾರೆ. ಪಿಎಚ್‌ಡಿ ಮಾಡುವವರಿಗೆ ಇದು ತುಂಬ ಮುಖ್ಯ. ತರಗತಿಯ ಪಾಠ ಹೇಗಿರುತ್ತದೆ ಎನ್ನುವುದನ್ನು ಮಾತ್ರ ಈ ಅಂಕಿ ಹೇಳುವುದಿಲ್ಲ.

ಪಿಎಚ್‌ಡಿಗೆ ಗೇಟ್ (ಎಂಜಿನಿಯರಿಂಗ್, ವಿಜ್ಞಾನದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಜೆಆರ್‌ಎಫ್‌ನಂಥ (ಕಿರಿಯ ಸಂಶೋಧನಾ ಫೆಲೋಶಿಪ್) ಅರ್ಹತೆ ಬಾಗಿಲವರೆಗೆ ತರುತ್ತದೆ, ಒಳಗೆ ಬಿಡುವುದು ಸಂದರ್ಶನ. ಅಲ್ಲಿ ಎಡವುವವರು ಹೆಚ್ಚಾಗಿ ಕಠಿಣ ಪ್ರಶ್ನೆಗೆ ಎಡವುವುದಿಲ್ಲ, ಬಿಎಸ್ಸಿ–ಬಿಇ ಮಟ್ಟದ ಮೂಲ ಪಾಠಕ್ಕೇ ಎಡವುತ್ತಾರೆ. ಸೂತ್ರ ಗೊತ್ತು, ಅದು ಎಲ್ಲಿಂದ ಬಂತು ಎಂದು ಬೋರ್ಡಿನ ಮೇಲೆ ಬರೆದು ತೋರಿಸಲು ಆಗುವುದಿಲ್ಲ. ಅರ್ಜಿ ಹಾಕುವ ಮೊದಲು ವಿಭಾಗ ಯಾವ ಗೇಟ್ ಪತ್ರಿಕೆಯನ್ನು ಒಪ್ಪುತ್ತದೆ ನೋಡಿ. ಇಲ್ಲಿ ತಪ್ಪಿದರೆ ಒಳ್ಳೆಯ ಸ್ಕೋರೂ ನಿಷ್ಪ್ರಯೋಜಕ. ಗೇಟ್ ಸ್ಕೋರಿಗೆ ಮೂರು ವರ್ಷ ಆಯುಸ್ಸು, ಆದ್ದರಿಂದ ಆತುರ ಬೇಡ. ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ: ಅವರ ಕಳೆದ ಐದು ವರ್ಷದ ಪ್ರಬಂಧಗಳನ್ನು ತೆರೆದು, ಮೊದಲ ಹೆಸರು ವಿದ್ಯಾರ್ಥಿಗಳದ್ದೇ ಎಂದು ನೋಡಿ. 2023ರಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000.

ಪದವಿ ಹಂತದ ನಾಲ್ಕು ವರ್ಷದ ಕೋರ್ಸ್ 2011ರಲ್ಲಿ ಶುರುವಾಯಿತು. ಮೊದಲ ಮೂರು ಸೆಮಿಸ್ಟರ್‌ನಲ್ಲಿ ಗಣಿತ, ಭೌತ, ರಸಾಯನ, ಜೀವವಿಜ್ಞಾನ ಎಲ್ಲರಿಗೂ ಕಡ್ಡಾಯ. ಗಣಿತವೆಂದರೆ ದೂರ ಓಡುವ ಜೀವವಿಜ್ಞಾನದ ಹುಡುಗರಿಗೆ ಇದು ಕಷ್ಟದ ಕಾಲ, ಆದರೆ ಮುಂದೆ ಇದೇ ಕೈ ಹಿಡಿಯುತ್ತದೆ. ಕಲೆ, ವಾಣಿಜ್ಯ, ಕಾನೂನಿನ ಪದವಿ ಇಲ್ಲಿಲ್ಲ.

ಸಂಸ್ಥೆಯ ನಿಜವಾದ ಬಲ ಉಪಕರಣಗಳಲ್ಲಿದೆ. ನ್ಯಾನೋ ವಿಜ್ಞಾನ ಕೇಂದ್ರದ ಕ್ಲೀನ್‌ರೂಮಿಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಸೂಟ್ ತೊಡಬೇಕು. ಒಂದು ಧೂಳಿನ ಕಣ ಬಿದ್ದರೂ ಚಿಪ್ ಹಾಳು. ಬೆಳಕಿನಿಂದ ಚಿಪ್ ಮೇಲೆ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಕೋಣೆಯಲ್ಲಿ ಹಳದಿ ದೀಪ ಮಾತ್ರ, ಏಕೆಂದರೆ ಅಲ್ಲಿ ಬಳಿಯುವ ಫೋಟೋರೆಸಿಸ್ಟ್ ಎಂಬ ಲೇಪ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಕೆಡುತ್ತದೆ. ಐಎನ್‌ಯುಪಿ (ಭಾರತೀಯ ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ) ಯೋಜನೆಯಡಿ ಹೊರಗಿನ ಕಾಲೇಜಿನ ಸಂಶೋಧಕರೂ ತರಬೇತಿ ಪಡೆದು ಇದನ್ನು ಬಳಸಬಹುದು. ಸೀಟು ಸಿಗದವರಿಗೂ ತೆರೆದ ಬಾಗಿಲು ಇದು. ಪ್ರಸ್ತಾವ ಬರೆಯುವಾಗ ಯಾವ ಯಂತ್ರ, ಎಷ್ಟು ಸ್ಯಾಂಪಲ್, ಎಷ್ಟು ಹಂತ ಎಂದು ಸ್ಪಷ್ಟವಾಗಿ ನಮೂದಿಸಿ.