ನಿಕಾನ್ ಡಿ3500: ಕೊಡಗಿನ ಮಳೆಗಾಲಗಳನ್ನು ದಾಟಿದ ಮೇಲೆ

ಹೊಸಬರಿಗೆಂದು ನಿಕಾನ್ ಮಾಡಿದ ಡಿ3500 ಕ್ಯಾಮೆರಾದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವು ಪೆಟ್ಟಿಗೆ ತೆರೆದ ವಾರದಲ್ಲೇ, ಬೆಚ್ಚಗಿನ ಒಣ ಊರಲ್ಲಿ ಕೂತು ಬರೆದಂಥವು. ನಾನಿರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಕಾಫಿ ತೋಟದ ನಡುವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಬಿಡುವುದಿಲ್ಲ. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು ಎಲ್ಲದಕ್ಕೂ ಬೂಷ್ಟು. ಅಂಥ ಮನೆಯಲ್ಲಿ ಹಲವು ಮಳೆಗಾಲ ಕಳೆದೂ ಇದರ ಲೆನ್ಸಿನ ಗಾಜು ಶುಚಿಯಾಗಿಯೇ ಉಳಿದಿದೆ ಎನ್ನುವ ಕಾರಣಕ್ಕೆ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಕೊಡಗಿನಲ್ಲಿ ಫೋಟೊಗ್ರಫಿ ಶುರು ಮಾಡುವವರು ಕ್ಯಾಮೆರಾ ಬಾಡಿಯ ಮೇಲೆ ಕೈ ಬಿಗಿ ಹಿಡಿದು, ಉಳಿದ ದುಡ್ಡನ್ನು ಲೆನ್ಸಿಗೂ ಅದನ್ನು ಒಣಗಿಸಿಡುವ ಜಾಗಕ್ಕೂ ಹಾಕಬೇಕು.

ಡಿ3500 ಹೊರಬಂದದ್ದು 2018ರ ಆಗಸ್ಟ್ ಕೊನೆಗೆ. ಆ ತಿಂಗಳು ನಮಗೆ ನೆನಪಿರುವುದು ಗುಡ್ಡ ಕುಸಿದದ್ದಕ್ಕೆ. ಕ್ಯಾಮೆರಾ ಸುದ್ದಿ ಓದುವ ಸ್ಥಿತಿಯಲ್ಲಿ ಇಲ್ಲಿ ಯಾರೂ ಇರಲಿಲ್ಲ. ನನ್ನ ಕೈಗೆ ಬಂದದ್ದು ಆಮೇಲೆ, ಅದೂ ಸೆಕೆಂಡ್ ಹ್ಯಾಂಡ್, 18-55 ಎಂಎಂ ಮತ್ತು ದೂರದ್ದನ್ನು ಹತ್ತಿರ ತರುವ 70-300 ಎಂಎಂ ಎರಡೂ ಲೆನ್ಸುಗಳ ಸಮೇತ. 24.2 ಮೆಗಾಪಿಕ್ಸೆಲ್, ಎಪಿಎಸ್-ಸಿ ಸೆನ್ಸರ್. ಬ್ಯಾಟರಿ, ಕಾರ್ಡ್ ಸೇರಿ ಬಾಡಿಯ ತೂಕ 415 ಗ್ರಾಂ. ತಡಿಯಂಡಮೋಳ್ ಹತ್ತುವಾಗ ಈ ಹಗುರತನದ ಬೆಲೆ ಗೊತ್ತಾಗುತ್ತದೆ, ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಅಲ್ಲ.

ಹೊಸಬರಿಗೆ ಇದರ ದೊಡ್ಡ ಉಪಕಾರ ಡಯಲ್ ಮೇಲಿರುವ ಗೈಡ್ ಮೋಡ್. ಹಿನ್ನೆಲೆ ಮಸುಕಾಗಬೇಕೆ, ಓಡುವುದನ್ನು ನಿಲ್ಲಿಸಬೇಕೆ, ನೀರು ಹರಿಯುವಂತೆ ಕಾಣಬೇಕೆ ಎಂದು ಅದೇ ಕೇಳುತ್ತದೆ, ಆರಿಸಿದ ಮೇಲೆ ಯಾವ ಸೆಟ್ಟಿಂಗ್ ಬದಲಾಯಿತೆಂದು ತೋರಿಸುತ್ತದೆ. ಅಬ್ಬಿ ಜಲಪಾತದೆದುರು ನೀರಿನ ಆಯ್ಕೆ ಒತ್ತಿ ನೋಡಿ, ಶಟರ್ ವೇಗ ಅಂದರೇನು ಎನ್ನುವುದು ಯಾವ ಪಾಠವೂ ಇಲ್ಲದೆ ತಲೆಗೆ ಹೋಗುತ್ತದೆ. ಒಂದೆರಡು ತಿಂಗಳಾದ ಮೇಲೆ ಆ ಮೋಡ್ ಬಿಟ್ಟು 'ಎ'ಗೆ ಬನ್ನಿ. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿಯ ಅಗಲ, ನಿಮ್ಮದು, ಉಳಿದದ್ದು ಕ್ಯಾಮೆರಾದ್ದು. ನಾನು ಈಗಲೂ ಹೆಚ್ಚಿನ ಹೊತ್ತು ಅಲ್ಲೇ ಇರುತ್ತೇನೆ. ಮ್ಯಾನ್ಯುಯಲ್‌ನಲ್ಲಿ ತೆಗೆಯದಿದ್ದರೆ ಫೋಟೊಗ್ರಾಫರನೇ ಅಲ್ಲ ಎನ್ನುವವರ ಮಾತು ಕೇಳಬೇಡಿ.

ತೋಟದೊಳಗಿನ ಬೆಳಕು ಬೇರೆಯೇ ವಿದ್ಯೆ. ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ ಸಿಲ್ವರ್ ಓಕ್, ಹಾಲುವಾಣದ ನೆರಳಲ್ಲಿ ನಡುಹಗಲೇ ಮುಸ್ಸಂಜೆ, ನಡುನಡುವೆ ಬಿಸಿಲಿನ ತುಂಡುಗಳು. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಅರಳುತ್ತದಲ್ಲ, ಆ ಬಿಳುಪನ್ನು ಕಡುಹಸಿರು ಎಲೆಗಳ ಮೇಲೆ ಕ್ಯಾಮೆರಾ ತಾನಾಗಿಯೇ ಅಳೆದರೆ ಹೂವು ಸುಣ್ಣ ಬಳಿದ ಹಾಗೆ ಬರುತ್ತದೆ, ಎಸಳಿನ ಗೆರೆಯೊಂದೂ ಉಳಿಯುವುದಿಲ್ಲ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ) ಗುಂಡಿ ಒತ್ತಿ ಮೈನಸ್ 0.7ಕ್ಕೆ ಇಳಿಸಿ, ಬೇಕಾದರೆ ಮೈನಸ್ 1ಕ್ಕೆ. ಬಿಸಿಲೇರುವ ಮೊದಲೇ ಹೋಗಿ. ಎರಡು-ಮೂರು ದಿನ ಕಳೆದರೆ ಹೂವು ಕಂದಿ ಹೋಗಿರುತ್ತದೆ, ಮತ್ತೆ ಮುಂದಿನ ವರ್ಷವೇ. 70-300 ಲೆನ್ಸು 1.1 ಮೀಟರ್ ಹತ್ತಿರದಿಂದ ಫೋಕಸ್ ಮಾಡುತ್ತದೆ. 300ರಲ್ಲಿ ಇಟ್ಟರೆ ಒಂದು ಹೂಗೊಂಚಲು ಚೌಕಟ್ಟಿನ ಬಹುಪಾಲು ತುಂಬುತ್ತದೆ, ಅದರ ಮೇಲಿನ ಜೇನುಹುಳ ಸಮೇತ. ಮ್ಯಾಕ್ರೊ ಲೆನ್ಸಿಗೆ ಅಂತ ಬೇರೆ ದುಡ್ಡು ಹಾಕುವ ಯೋಚನೆ ನನಗೆ ಬರದೇ ಇದ್ದದ್ದು ಇದರಿಂದ.

ಮಂಜಿನಲ್ಲಿ ಇದಕ್ಕೆ ತದ್ವಿರುದ್ಧ. ರಾಜಾಸೀಟಿನಲ್ಲಾಗಲಿ ಮಾಂದಲಪಟ್ಟಿಯಲ್ಲಾಗಲಿ ಬೆಳ್ಳನೆಯ ಮಂಜನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದಿಬಣ್ಣ ಮಾಡಿಬಿಡುತ್ತದೆ, ಆದ್ದರಿಂದ ಪ್ಲಸ್ 0.7, ಪ್ಲಸ್ 1. ಆಟೊಫೋಕಸ್‌ಗೆ ಹಿಡಿಯಲು ಒಂದು ಅಂಚು ಬೇಕು, ಹತ್ತಿರದ ಮರದ ಕಾಂಡವನ್ನೋ ಬೇಲಿ ಕಂಬವನ್ನೋ ಕೊಡಿ. ವ್ಯೂಫೈಂಡರಿನ 11 ಫೋಕಸ್ ಬಿಂದುಗಳಲ್ಲಿ ನಡುವಿನದೊಂದೇ ಕ್ರಾಸ್ ಬಗೆಯದು, ಅಡ್ಡ-ಉದ್ದ ಎರಡೂ ಗೆರೆ ಹಿಡಿಯುವಂಥದು; ಕಡಿಮೆ ಬೆಳಕಲ್ಲಿ ಅದೊಂದನ್ನೇ ನಂಬಿ. ಅಂದಹಾಗೆ, ಬರೀ ಗುಡ್ಡ-ಮೋಡದ ಚಿತ್ರ ಸಾಕೆನ್ನುವವರಿಗೆ ಕೈಯಲ್ಲಿರುವ ಫೋನೇ ಸಾಕು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಹಕ್ಕಿ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. 300 ಎಂಎಂ ಈ ಸೆನ್ಸರ್ ಮೇಲೆ 450 ಎಂಎಂನಷ್ಟು ಕೋನ ಕೊಡುತ್ತದೆ, ಆದರೆ ಆ ತುದಿಯಲ್ಲಿ ಅಪರ್ಚರ್ ಎಫ್/6.3 (ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಅತ್ತಿಮರದಲ್ಲಿ ಕೂತ ಮಂಗಟ್ಟೆ, ಕೊಂಬೆ ಹಾರುವ ಕೆಂದಳಿಲು, ದುಬಾರೆಯ ಆನೆಗಳು, ಇವು ಚೆನ್ನಾಗಿ ಬರುತ್ತವೆ. ನೆರಳಲ್ಲಿ ಅಲುಗಾಡುವ ಸಣ್ಣ ಹಕ್ಕಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, 6400ರವರೆಗೆ ಏರಿಸಬೇಕಾಗುತ್ತದೆ. 3200ರವರೆಗೆ ನನಗೆ ಏನೂ ಬೇಸರವಿಲ್ಲ. 6400ನ್ನು ರಾ (ಕ್ಯಾಮೆರಾ ತಿದ್ದದ ಕಚ್ಚಾ) ಫೈಲ್‌ನಲ್ಲಿ ತೆಗೆದು ನಿಕಾನ್‌ನದೇ ಉಚಿತ ತಂತ್ರಾಂಶ ಎನ್‌ಎಕ್ಸ್ ಸ್ಟುಡಿಯೊದಲ್ಲೋ ಡಾರ್ಕ್‌ಟೇಬಲ್‌ನಲ್ಲೋ ಕಾಳುಕಾಳಾಗಿ ಕಾಣುವ ನಾಯ್ಸ್ ಇಳಿಸಿದರೆ ಮನೆಗೆ ಸಾಕು. ನಾಗರಹೊಳೆಯ ಸಫಾರಿಯಲ್ಲಿ ಪಕ್ಕದವರ ಉದ್ದದ ಲೆನ್ಸು ನೋಡಿ ಹೊಟ್ಟೆ ಉರಿಯುವುದಕ್ಕೆ ಮಾತ್ರ ಮದ್ದಿಲ್ಲ. ಮಳೆಗಾಲದಲ್ಲಿ ಕಪ್ಪೆಗೋ ಅಣಬೆಗೋ ಮಂಡಿಯೂರುವವರು ಮೊದಲು ಜಿಗಣೆ ನೋಡಿಕೊಳ್ಳಿ.

ಮದುವೆ, ಸುಗ್ಗಿಯ ಹಬ್ಬ ಪುತ್ತರಿ, ಮನೆಯೊಳಗಿನ ಕೂಟಗಳಿಗೆ ಕಿಟ್ ಲೆನ್ಸು ಸೋಲುತ್ತದೆ. ಮಂಟಪದಲ್ಲಿ ವಾಲಗ ಶುರುವಾಗಿ ಕೊಡವರ ಉಡುಪು ಕುಪ್ಯಚೇಲೆ ತೊಟ್ಟವರು ಕುಣಿಯುವಾಗ ಎಫ್/5.6ರಲ್ಲಿ ಬರುವುದು ಬರೀ ಅಲುಗಾಟ. 35 ಎಂಎಂ ಎಫ್/1.8ಜಿ ಡಿಎಕ್ಸ್ ಲೆನ್ಸ್ ತಂದದ್ದು ನಾನು ಈ ಹವ್ಯಾಸಕ್ಕೆ ಮಾಡಿದ ಅತ್ಯುತ್ತಮ ಖರ್ಚು. ಕೊಳ್ಳುವಾಗ ಒಂದು ಎಚ್ಚರ: ಈ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಕಡಿಮೆ ಬೆಲೆಗೆ ಸಿಗುವ ಹಳೆಯ 50 ಎಂಎಂ ಎಫ್/1.8ಡಿ ಇದರಲ್ಲಿ ಕೂರುತ್ತದೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್, ಎಎಫ್-ಪಿ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಮಳೆಗಾಲದ ಕೊಡವ ತಿಂಗಳು ಕಕ್ಕಡದ 18ಕ್ಕೆ ಮಾಡುವ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣ ಅಡುಗೆಮನೆಯ ಎಲ್‌ಇಡಿ ಬೆಳಕಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ರಾದಲ್ಲಿ ತೆಗೆದಿದ್ದರೆ ವೈಟ್ ಬ್ಯಾಲೆನ್ಸನ್ನು ಆಮೇಲೆ ಸರಿಮಾಡಬಹುದು.

ಇನ್ನು ಬೂಷ್ಟು. ಲೆನ್ಸಿನ ಒಳಗಾಜಿನ ಮೇಲೆ ಫಂಗಸ್ ಹಿಡಿದರೆ ಮೊದಲು ಗೊತ್ತೇ ಆಗುವುದಿಲ್ಲ, ಚಿತ್ರಗಳು ಸ್ವಲ್ಪ ಮಂಕಾದವು ಅನ್ನಿಸುತ್ತದೆ ಅಷ್ಟೆ. ಟಾರ್ಚ್ ಬಿಟ್ಟು ನೋಡಿದಾಗ ನೂಲಿನಂಥ ಎಳೆಗಳು ಕಾಣುತ್ತವೆ. ಬಿಚ್ಚಿ ತೊಳೆಸಬಹುದು, ಆದರೆ ತಡವಾಗಿದ್ದರೆ ಅದು ಗಾಜಿನ ಲೇಪವನ್ನೇ ತಿಂದಿರುತ್ತದೆ, ಕಿಟ್ ಲೆನ್ಸಿಗೆ ಆ ರಿಪೇರಿಯ ಖರ್ಚೂ ದಂಡ. ಗಾಳಿಯ ತೇವಾಂಶ ಶೇ 60 ದಾಟಿ ಹಾಗೇ ನಿಂತರೆ ಫಂಗಸ್‌ಗೆ ಹಬ್ಬ. ಮಳೆಗಾಲದಲ್ಲಿ ನಮ್ಮ ಮನೆಯೊಳಗಿನ ತೇವಾಂಶದ ಮೀಟರ್ 90ರ ಆಸುಪಾಸಿನಿಂದ ಇಳಿಯುವುದೇ ಅಪರೂಪ. ಅಂಥಲ್ಲಿ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾಗಿನ ಸ್ಪಂಜು ತೇವ ಕುಡಿದು ಹಿಡಿದುಕೊಂಡಿರುತ್ತದೆ. ಹಳಬರು ಕಪಾಟಿನೊಳಗೆ ಬಲ್ಬ್ ಉರಿಸುತ್ತಿದ್ದರು. ಹಳೆಯ ತಂತಿ ಬಲ್ಬಿಗೆ ಆ ಶಾಖ ಇತ್ತು, ಎಲ್‌ಇಡಿಗೆ ಇಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಎನ್ನುವವರೂ ಇದ್ದಾರೆ. ಅಲ್ಲಿ ಹುಣಸೆ, ಕಾಳುಮೆಣಸು ಚೆನ್ನಾಗಿರುತ್ತವೆ, ಆದರೆ ಹೊಗೆಯ ಜಿಡ್ಡು ಲೆನ್ಸಿಗೆ ಬೇಡ.

ನಾನು ಮಾಡಿಕೊಂಡ ವ್ಯವಸ್ಥೆ ಎರಡು ಬಗೆಯದು. ಮನೆಯಲ್ಲಿ ಕರೆಂಟಿನ ಸಣ್ಣ ಡ್ರೈ ಕ್ಯಾಬಿನೆಟ್, ತೇವಾಂಶ 45ಕ್ಕೆ ಇಟ್ಟದ್ದು. 40ರಿಂದ 50ರ ನಡುವೆ ಸಾಕು. ತೀರಾ ಕೆಳಗಿಳಿಸಿದರೆ ಒಳಗಿನ ರಬ್ಬರ್, ಗ್ರೀಸ್ ಒಣಗುವ ಅಪಾಯ. ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ಅದು ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ. ಇಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ, ಆದ್ದರಿಂದ ಎರಡನೆಯದು: ರಬ್ಬರ್ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್. ಬಣ್ಣ ಬದಲಾಯಿಸುವ ಜೆಲ್ಲನ್ನೇ ತನ್ನಿ. ಕಿತ್ತಳೆ ಹೋಗಿ ಹಸಿರಾದರೆ ಒದ್ದೆ ಎಂದು ಅರ್ಥ, ಓವನ್ನಿನಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿದರೆ ಮತ್ತೆ ಕಿತ್ತಳೆ. ಆಗಾಗ ಕ್ಯಾಮೆರಾ ಹೊರತೆಗೆದು ಬಳಸುವುದೂ ಒಂದು ಔಷಧಿ. ಮೈಸೂರಿನಿಂದ ಎಸಿ ಕಾರಿನಲ್ಲಿ ಬಂದಿಳಿದವರು ತಕ್ಷಣ ಕ್ಯಾಮೆರಾ ಹೊರತೆಗೆದರೆ ಗಾಜಿನ ಮೇಲೆಲ್ಲ ನೀರಹನಿ ಕಟ್ಟುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ. ಈ ಬಾಡಿಗೆ ಮಳೆ ತಡೆಯುವ ಸೀಲಿಂಗ್ ಇಲ್ಲ ಎನ್ನುವುದನ್ನೂ ಮರೆಯುವಂತಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಬಿಗಿದರೆ ಸೋನೆಗೆ ಸಾಕು, ಕಕ್ಕಡದ ಮಳೆಗೆ ಕೊಡೆ ಹಿಡಿಯಲು ಇನ್ನೊಬ್ಬರು ಬೇಕು.

ಕರೆಂಟಿನ ಮಾತು ಬಂದದ್ದರಿಂದ ಬ್ಯಾಟರಿ. ಕಂಪನಿಯ ಲೆಕ್ಕ ಒಂದು ಚಾರ್ಜಿಗೆ 1550 ಚಿತ್ರ. ಕತ್ತಲೆಯ ವಾರಗಳಲ್ಲೂ ಬ್ಯಾಟರಿ ಖಾಲಿಯಾಗಿ ಕೈಕಟ್ಟಿ ಕೂತ ನೆನಪಿಲ್ಲ. ಹೊಸ ಮಿರರ್‌ಲೆಸ್‌ಗಳಲ್ಲಿ ಫೋಕಸ್ ಎಷ್ಟೋ ಪಾಲು ಚುರುಕು, ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವಂಥವೂ ಇವೆ. ಆದರೆ ಅವುಗಳಲ್ಲಿ ಹೊಸಬರಿಗೆಂದು ಮಾಡಿದ ಮಾದರಿಗಳ ಬ್ಯಾಟರಿ ಇದರ ಅರ್ಧಕ್ಕೂ ಬರುವುದಿಲ್ಲ. ಹಕ್ಕಿಯೇ ಮುಖ್ಯ, ದುಡ್ಡೂ ಇದೆ ಎನ್ನುವವರು ಅತ್ತ ಹೋಗಿ, ಜೊತೆಗೆ ಎರಡು ಬ್ಯಾಟರಿ ಇಟ್ಟುಕೊಳ್ಳಿ.

ಇಲ್ಲದ್ದರ ಪಟ್ಟಿ ಚಿಕ್ಕದು: ಟಚ್‌ಸ್ಕ್ರೀನ್ ಇಲ್ಲ, ಪರದೆ ಹೊರಳುವುದಿಲ್ಲ, ವೈಫೈ ಇಲ್ಲ, ಹೊರಗಿನ ಮೈಕ್ ಚುಚ್ಚುವ ತೂತಿಲ್ಲ, 4ಕೆ ಇಲ್ಲ. ವಿಡಿಯೊಗೆಂದೇ ಕೊಳ್ಳುವವರು ಬೇರೆ ನೋಡಲಿ. ಬ್ಲೂಟೂತ್‌ನಲ್ಲಿ ಫೋನಿಗೆ ಹೋಗುವುದು 2 ಮೆಗಾಪಿಕ್ಸೆಲ್‌ನ ಸಣ್ಣ ಪ್ರತಿ, ವಾಟ್ಸ್ಆ್ಯಪ್‌ಗೆ ಅಷ್ಟು ಬೇಕಾದಷ್ಟಾಯಿತು.

ತಯಾರಿ ನಿಂತಿರುವುದರಿಂದ ಇನ್ನು ಸಿಗುವುದು ಬಹುಪಾಲು ಸೆಕೆಂಡ್ ಹ್ಯಾಂಡೇ. ಮಾರುವವರಿಂದ ತಿದ್ದದ ಒಂದು ಜೆಪೆಗ್ ಫೈಲ್ ಕೇಳಿ ಪಡೆಯಿರಿ, ಶಟರ್ ಎಷ್ಟು ಸಲ ಓಡಿದೆ ಎನ್ನುವ ಲೆಕ್ಕ ಫೈಲಿನೊಳಗಿನ ಮಾಹಿತಿಯಾದ ಎಕ್ಸಿಫ್‌ನಲ್ಲೇ ಇರುತ್ತದೆ. 70-300ರಲ್ಲಿ ಕೈನಡುಕ ತಗ್ಗಿಸುವ ವಿಆರ್ ಇರುವುದು, ಇಲ್ಲದ್ದು ಎರಡೂ ಇವೆ, ವಿಆರ್ ಎಂದು ಬರೆದದ್ದೇ ಆಗಬೇಕು. ಲೆನ್ಸ್ ಬಿಚ್ಚಿ, ಹಿಂಬದಿಯ ಸಣ್ಣ ಲಿವರ್ ಒತ್ತಿ ಅಪರ್ಚರ್ ತೆರೆದು ಹಿಡಿದು, ಫೋನಿನ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಆಮೇಲೆ ಮಾರುವವರ ಊರು ಕೇಳಿ. ಮಲೆನಾಡು, ಕರಾವಳಿ ಎಂದರೆ ಇನ್ನೊಮ್ಮೆ ಟಾರ್ಚ್ ಹಾಕಿ. ನನ್ನದು ಚಿತ್ರದುರ್ಗದ ಕಡೆಯಿಂದ ಬಂದದ್ದು. ಅವರು ಕ್ಯಾಮೆರಾವನ್ನು ವರ್ಷಗಟ್ಟಲೆ ಬೀರುವಿನಲ್ಲಿ ಹಾಗೇ ಬಿಟ್ಟಿದ್ದರಂತೆ, ಗಾಜಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.